ಆಚೆ ಕಡೆ ಒಲೆ, ಈಚೆ ಕಡೆ ಸೌದೆ

ಮನೆಯಿಂದ,
ಜನವರಿ ೨೩, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ನಿಮ್ಮ ಸೊಂಟನೋವು ಹೇಗಿದೆ? ಹೊರಡುವಾಗ ಚೀಲದ ತಳದಲ್ಲಿ ಇಟ್ಟುಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಅದು ಇನ್ನೂ ಮುಚ್ಚಳ ಬಿಚ್ಚದೆ ಅಲ್ಲೇ ಕೂತಿದೆಯೋ? ಎರಡನೆಯದೇ ಇರಬೇಕು, ನಿಮ್ಮನ್ನು ನಾನು ಬಲ್ಲೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಹಡಗಿನ ಅಡುಗೆಯವನ ಮೇಲಿನ ಸಿಟ್ಟನ್ನು ನಿಮ್ಮ ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡಿ. ಎಂಜಿನ್ ಕೋಣೆಯ ಶಾಖಕ್ಕೆ ಕುತ್ತಿಗೆಯಲ್ಲೆಲ್ಲ ಬೆವರುಗುಳ್ಳೆ ಎದ್ದಿದೆ ಎಂದು ಬರೆದಿದ್ದಿರಿ. ನೀವು ಅಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾಗ ನಾವಿಲ್ಲಿ ಹಲ್ಲು ಕಟಕಟಿಸುತ್ತಿದ್ದೆವು. ಆ ಶಾಖದಲ್ಲಿ ಒಂದು ಡಬ್ಬಿ ತುಂಬಿ ಕಳಿಸುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ಇಲ್ಲಿ ನಾನು, ಅತ್ತೆ, ನಿಮ್ಮ ಮಗಳು ಪಟಾಕಿ, ಮೂವರೂ ಕ್ಷೇಮ. ಮುಂದಿನದನ್ನು ಓದುವಾಗ ನಿಮ್ಮ ಎದೆ ಹೆದರಿಕೆಯಿಂದ ಡವಗುಟ್ಟಬಾರದು ಎಂದು ಕ್ಷೇಮದ ಮಾತನ್ನು ಮೊದಲೇ ಬರೆದೆ. ಕೋಪದಿಂದ ಡವಗುಟ್ಟಿದರೆ ಅದಕ್ಕೆ ನಾನು ಹೊಣೆಯಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಬೇಕೆಂತಲೇ ಹೇಳಲಿಲ್ಲ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು 'ಮೊದ್ಲು ನನ್ ಮಾತು ಕೇಳು' ಎಂದು ಶುರು ಮಾಡುತ್ತೀರಿ, ನಿಮ್ಮ ಮಾತು ಮುಗಿಯುವಷ್ಟರಲ್ಲಿ ಲೈನು ಕಟ್ಟಾಗುತ್ತದೆ. ಕಾಗದಕ್ಕೆ ನೀವು ನಡುವೆ ಬಾಯಿ ಹಾಕಲಾಗದು. ಕಂಪನಿ ಕಚೇರಿಯ ಟಪಾಲಿನವನ ಕೈಗೆ ಇದನ್ನು ಕೊಡುತ್ತೇನೆ, ಮುಂದಿನ ಬಂದರಿನಲ್ಲಿ ನಿಮ್ಮ ಕೈಸೇರುತ್ತದೆ. ಅರ್ಧಕ್ಕೇ ಹರಿದು ಹಾಕಿದರೂ ಚಿಂತೆಯಿಲ್ಲ, ಇನ್ನೊಂದು ಬರೆಯುತ್ತೇನೆ. ನನಗೀಗ ಪುರುಸೊತ್ತು ಬೇಕಾದಷ್ಟಿದೆ. ರಸ್ತೆಯ ಮೇಲಿನ ಹಿಮ ಕರಗುವವರೆಗೆ ಡ್ರೈವಿಂಗ್ ಕ್ಲಾಸು ಬಂದ್. ಕಲಿಯುವವರು ಯಾರೂ ಬಾರದೆ, ಬೈಯುವುದಕ್ಕೆ ಒಬ್ಬರೂ ಸಿಗದೆ ನನ್ನ ಬಾಯಿ ತುರಿಸುತ್ತಿದೆ.

ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಮೊದಲಲ್ಲಿ ಒಂದು ಸಂಜೆ ಮಳೆ ಬಂತು. ಬಿದ್ದ ಹನಿ ಬಿದ್ದಲ್ಲೇ ಹೆಪ್ಪುಗಟ್ಟಿತು. ಕರೆಂಟಿನ ತಂತಿಗಳ ಮೇಲೆ ತೋಳು ಗಾತ್ರದ ಮಂಜುಗಡ್ಡೆ ಕಟ್ಟಿ, ಬೆಳಗಾಗುವಷ್ಟರಲ್ಲಿ ನಮ್ಮ ಬೀದಿಯ ಕಂಬಗಳೆಲ್ಲ ಸಾಲಾಗಿ ಮಲಗಿದ್ದವು. ಜಾರುತ್ತ ಬೀಳುತ್ತ ಕರೆಂಟಿನ ಆಫೀಸಿಗೆ ಹೋಗಿ ಕೇಳಿದೆ. 'ಸಂಜೆಯೊಳಗೆ ಬರುತ್ತೆ ಮೇಡಂ' ಎಂದ ಅಲ್ಲಿನವನು. ಯಾವ ಸಂಜೆ ಎಂದು ಕೇಳಿಕೊಂಡು ಬರಬೇಕಿತ್ತು, ಹೊಳೆಯಲಿಲ್ಲ. ಮಾರನೆಯ ದಿನ ಲೈನ್‌ಮನ್ ಬಂದ. ಬಿದ್ದ ಕಂಬವನ್ನು ಬೂಟಿನ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ, 'ಕಂಬ ಬಿದ್ದಿದೆ' ಎಂದು ನಮಗೇ ತಿಳಿಸಿ ಹೊರಟುಹೋದ. ದೊಡ್ಡ ರಸ್ತೆಗಳದ್ದು ಮೊದಲಂತೆ, ಆಮೇಲೆ ಅಂಗಡಿ ಬೀದಿಯದ್ದಂತೆ, ನಮ್ಮದು ಎಲ್ಲರದ್ದೂ ಆದ ಮೇಲಂತೆ. ನಮ್ಮ ಬೀದಿಯ ಜನಕ್ಕೆ ಚಳಿ ಕೂಡ ಎಲ್ಲರದ್ದೂ ಆದ ಮೇಲೆ ಆಗುತ್ತದೆ ಎಂದು ಅವರ ಲೆಕ್ಕ ಇರಬೇಕು.

ಹೀಟರು ಹೋಯಿತು. ಅಡುಗೆಯ ಒಲೆಯೂ ಕರೆಂಟಿನದೇ ಆದ್ದರಿಂದ ಬಿಸಿ ಊಟವೂ ಹೋಯಿತು. ತಣ್ಣಗಿನ ಬ್ರೆಡ್ಡು, ತಣ್ಣಗಿನ ಹಾಲು. ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಕೆನೆ. ಇದ್ದಬದ್ದ ಕಂಬಳಿ, ಕೋಟು, ಕಿಟಕಿಯ ಪರದೆ ಎಲ್ಲ ತಂದು ಒಂದೇ ಮಂಚದ ಮೇಲೆ ರಾಶಿ ಹಾಕಿ ಮೂವರೂ ಅದರೊಳಗೆ ಹೊಕ್ಕೆವು. ಪಟಾಕಿ ನಿಮ್ಮ ಹಳೆಯ ಹಡಗಿನ ಕೋಟು ತೊಟ್ಟು, ತೋಳು ನೆಲಕ್ಕೆ ಎಳೆಯುತ್ತಿದ್ದರೂ ಲೆಕ್ಕಿಸದೆ, 'ನಾನೀಗ ಅಪ್ಪ, ನಂಗೆ ಕೋಪ ಬಂದಿದೆ, ಯಾರೂ ಮಾತಾಡಿಸ್ಬೇಡಿ' ಎಂದು ಮನೆತುಂಬ ಓಡಾಡಿದಳು. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ನಗದೆಯೂ ಕೆಮ್ಮತೊಡಗಿದರು.

ಇನ್ನು ನಮ್ಮ ಮನೆಯ ಘನಂದಾರಿ ಏರ್ಪಾಡಿನ ಕತೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ, ಕಾಗದದ ಮೇಲೆ ಓದಿದಾಗಲಾದರೂ ನಿಮಗೆ ನಗು ಬರಲಿ. ಮಾವ ಹೋದ ಮೇಲೆ ಅಣ್ಣತಮ್ಮಂದಿರು ಇಬ್ಬರೂ ಸೇರಿ ಒಂದು ಮನೆಯನ್ನು ಉದ್ದುದ್ದ ಸೀಳಿ ಹಲಗೆಯ ಗೋಡೆ ಹೊಡೆದಿರಿ. ನಡುಮನೆಯ ಕಬ್ಬಿಣದ ಒಲೆ ಯಾರಿಗೆ ಎಂದು ಬಂದಾಗ ಭಾವ, 'ವರ್ಷದಲ್ಲಿ ಎರಡು ತಿಂಗಳು ಮನೇಲಿರೋನಿಗೆ ಒಲೆ ಯಾಕೆ' ಎಂದುಬಿಟ್ಟರು. ಅಂದದ್ದು ತಪ್ಪೇ, ಇಲ್ಲವೆನ್ನುವುದಿಲ್ಲ. ಅದಕ್ಕೆ ನೀವು, 'ಹಾಗಾದ್ರೆ ಸೌದೆ ಕೊಟ್ಟಿಗೆ ನಂದು, ಒಂದು ಕಡ್ಡೀನೂ ಆ ಕಡೆ ಹೋಗಕೂಡದು' ಎಂದಿರಿ. ಅಲ್ಲಿಗೆ ಒಲೆ ಅವರ ಪಾಲು, ಸೌದೆ ನಮ್ಮ ಪಾಲು. ಹೊಗೆಗೂಡು ಅವರ ಮಾಡಿನ ಮೇಲೆ, ಒಣಗಿದ ಕಟ್ಟಿಗೆ ನಮ್ಮ ಬೆನ್ನ ಹಿಂದೆ. ಇಬ್ಬರೂ ಹೋಗಿ ಒಂದೊಂದು ಹೀಟರು ತಂದುಕೊಂಡಿರಿ, ಒಲೆಯಲ್ಲಿ ಬೂದಿ ಕೂಡ ಉಳಿಯಲಿಲ್ಲ. ಇಷ್ಟಾದರೂ ಸಮಾಧಾನವಿಲ್ಲದೆ, ಹಲಗೆಯ ಸಂದಿಯಲ್ಲಿ ಅವರ ಮಾತು ಕೇಳಿಸುತ್ತದೆ, ಈ ಸಲ ರಜೆಗೆ ಬಂದಾಗ ಇಟ್ಟಿಗೆ ಗೋಡೆ ಕಟ್ಟಿಸಿಯೇ ಬಿಡುತ್ತೇನೆ ಎಂದು ಹೋದ ಕಾಗದದಲ್ಲಿ ಬರೆದಿದ್ದೀರಿ.

ಆ ಸಂದಿಯಲ್ಲಿ ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ಕರೆಂಟು ಹೋದ ಮೂರನೆಯ ದಿನ ಆಚೆ ಕಡೆಯಿಂದ ಗರಗಸದ ಸದ್ದು. ಭಾವ ತಮ್ಮ ಸಲೂನಿನಲ್ಲಿ ಗಿರಾಕಿಗಳು ಕೂರುವ ಬೆಂಚನ್ನು ಮನೆಗೆ ತಂದು ಕೊಯ್ಯುತ್ತಿದ್ದರು. ಒಲೆಯಿತ್ತಲ್ಲ, ಅದಕ್ಕೆ ಏನಾದರೂ ಹಾಕಬೇಕಲ್ಲ. ಮೊದಲು ಖಾಲಿ ಪೆಟ್ಟಿಗೆಗಳು ಹೋದವಂತೆ, ಆಮೇಲೆ ಒಂದು ಕುರ್ಚಿ, ಈಗ ಬೆಂಚು. ಗೋಡೆಯ ಈಚೆಗೆ ಸೂರು ಮುಟ್ಟುವಷ್ಟು ಸೌದೆಯಿದೆ ಎಂದು ಗೊತ್ತಿದ್ದೂ ಆ ಮನುಷ್ಯ ತನ್ನ ಅನ್ನದ ಬೆಂಚನ್ನು ಕೊಯ್ದು ಉರಿಸುತ್ತಿದ್ದರೇ ಹೊರತು ಕೇಳಲಿಲ್ಲ. ಹಟದಲ್ಲಿ ನಿಮಗೆ ಸರಿಯಾದ ಅಣ್ಣ. ಅತ್ತೆಯದು ಇನ್ನೊಂದು. 'ಅಲ್ಲಿಗೆ ಹೋಗೋಣ್ವಾ' ಎಂದರೆ 'ಅವನು ಕರೀಲಿ' ಎಂದು ಗೋಡೆಯತ್ತ ಮುಖ ಮಾಡಿ ಮಲಗಿಬಿಟ್ಟರು. ನಿಮ್ಮಿಬ್ಬರಿಗೂ ಇದು ಎಲ್ಲಿಂದ ಬಂತು ಎಂದು ನನಗೆ ಆಗ ಅರ್ಥವಾಯಿತು.

ನಾನು ಕೈಕಟ್ಟಿ ಕೂರಲಿಲ್ಲ. ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ನಮ್ಮ ಸೌದೆ ಒಟ್ಟಿ ಕೋಣೆಯ ನಡುವೆ ಹೊತ್ತಿಸಿದೆ. ಬೆಂಕಿಗಿಂತ ಹೊಗೆಯೇ ಹೆಚ್ಚಾಗಿ, ಕಿಟಕಿ ತೆರೆದು ಇದ್ದ ಚೂರು ಬಿಸಿಯನ್ನೂ ಹೊರಗೆ ಕಳಿಸಬೇಕಾಯಿತು. ಅತ್ತೆಯ ಕೆಮ್ಮು ಎದೆಗಿಳಿಯಿತು. ಮರುದಿನ ಬೆಳಿಗ್ಗೆ ಅವರ ತುಟಿ ನೀಲಿಗಟ್ಟಿತ್ತು, ಮಾತನಾಡಿಸಿದರೆ ನನ್ನನ್ನು ಬೇರೆ ಯಾರೋ ಎಂದುಕೊಂಡು ಉತ್ತರ ಕೊಡುತ್ತಿದ್ದರು. ಎದುರು ಮನೆಯ ನರ್ಸಮ್ಮನನ್ನು ಎಳೆದುಕೊಂಡು ಬಂದೆ. ಆಸ್ಪತ್ರೆಗೆ ರಸ್ತೆಯಿಲ್ಲ, ಆಂಬುಲೆನ್ಸು ನಮ್ಮ ತಿರುವಿನವರೆಗೂ ಬರುವುದಿಲ್ಲ. ಆಕೆ ಅತ್ತೆಯ ಪಾದ ಮುಟ್ಟಿ ನೋಡಿ, 'ಬೆಚ್ಚಗಿರೋ ಕಡೆ ಇಡಿ, ಇವತ್ತೇ. ನಾಳೆ ಅಂದ್ರೆ ನಾನು ಹೇಳೋಕಾಗಲ್ಲ' ಎಂದರು. ನಿಮ್ಮ ಅಮ್ಮ ನನ್ನ ಕೈಯಲ್ಲಿ ಹೋದರೆ ನಿಮ್ಮ ಮುಖ ಹೇಗೆ ನೋಡಲಿ?

ಆಗ ನಿಮ್ಮ ಆಣೆ ಭಾಷೆಯನ್ನೆಲ್ಲ ಕಿಟಕಿಯಾಚೆ ಎಸೆದೆ. ಎರಡು ತೋಳಿನ ತುಂಬ ಸೌದೆ ಹೊತ್ತು, ಮನೆ ಸುತ್ತಿ, ಎರಡು ಸಲ ಜಾರಿ ಬಿದ್ದು ಅವರ ಬಾಗಿಲನ್ನು ಕಾಲಿಂದ ಒದ್ದೆ. ಕೈ ಖಾಲಿ ಇರಲಿಲ್ಲ, ಅದಕ್ಕೆ. ಕೈ ಖಾಲಿ ಇದ್ದರೂ ಒದೆಯುತ್ತಿದ್ದೆನೇನೋ. ಭಾವ ಬಾಗಿಲು ತೆರೆದು ಮೊದಲು ಸೌದೆ ನೋಡಿದರು, ಆಮೇಲೆ ನನ್ನನ್ನು. 'ನಿನ್ನ ಗಂಡನ್ನ ಕೇಳಿದೀಯಾ?' ಎಂದರು. 'ಅವ್ರು ಹಡಗಲ್ಲಿದಾರೆ ಭಾವ, ಇಲ್ಲಿ ಸ್ಟಿಯರಿಂಗು ನನ್ನ ಕೈಲಿದೆ' ಎಂದು ಸೌದೆಯನ್ನು ಅವರ ಕಾಲ ಬುಡದಲ್ಲಿ ದಢಾರನೆ ಹಾಕಿ, ಅತ್ತೆಯ ಸ್ಥಿತಿ ಹೇಳಿದೆ. ಅವರ ಮುಖ ಬಿಳುಚಿಕೊಂಡಿತು. ಆದರೆ ಅತ್ತೆಯನ್ನು ಕರೆತರುವುದು ಹೇಗೆ? ಸೊಂಟ ಮುರಿದಾಗಿನಿಂದ ಅವರು ನಡೆಯುವುದೇ ಗೋಡೆ ಹಿಡಿದು. ಹೊರಗಿನಿಂದ ಸುತ್ತಿ ಬರಬೇಕಾದರೆ ಅಂಗಳ ಪೂರ್ತಿ ಗಾಜಿನ ಹಾಗಿದೆ. ಹೊತ್ತವರು ಜಾರಿದರೆ ಅಲ್ಲಿಗೆ ಮುಗಿಯಿತು.

ಮಾತು ಬಂದದ್ದು ನನ್ನ ವಾರಗಿತ್ತಿ ಅಕ್ಕನ ಬಾಯಿಂದ. ಇಷ್ಟು ವರ್ಷ ಎರಡೂ ಕಡೆಯ ಹಟವನ್ನು ತುಟಿಪಿಟಕ್ಕೆನ್ನದೆ ನೋಡಿಕೊಂಡು ಬಂದ ಆಕೆ, ಒಲೆಯ ಪಕ್ಕದ ಹಾರೆ ಎತ್ತಿಕೊಂಡು, 'ಆ ಹಲಗೆ ಕೀಳೋಣ' ಎಂದರು. 'ಅದು ಇಬ್ರೂ ಒಪ್ಪಿ ಹಾಕಿದ ಗೋಡೆ' ಎಂದರು ಭಾವ. ಅಕ್ಕ ಹಾರೆಯ ತುದಿಯನ್ನು ಸಂದಿಗೆ ತೂರಿಸಿದರು. ನಾನು ಮತ್ತೆ ಸುತ್ತಿಕೊಂಡು ನಮ್ಮ ಕಡೆಗೆ ಓಡಿದೆ. ಯಾಕೆ ಗೊತ್ತೇ? ನೀವಿಬ್ಬರೂ ಒಬ್ಬರನ್ನೊಬ್ಬರು ನಂಬದೆ, ನೀವು ಈಚೆಯಿಂದ ಅವರು ಆಚೆಯಿಂದ ಮೊಳೆ ಹೊಡೆದಿದ್ದೀರಿ. ಒಂದೇ ಕಡೆಯಿಂದ ಎಷ್ಟು ಎಳೆದರೂ ಹಲಗೆ ಬರುವುದಿಲ್ಲ. ಆಚೆ ಅಕ್ಕ, ಈಚೆ ನಾನು, 'ಎಳಿ, ಬಿಡು, ಎಳಿ' ಎಂದು ಕೂಗಿಕೊಂಡು ಕಿತ್ತೆವು. ನನ್ನ ಎರಡು ಉಗುರು ಹೋದವು. ಒಂದು ಹಲಗೆ ಅರ್ಧಕ್ಕೆ ಸೀಳಿದಾಗ ಆಚೆಯಿಂದ ಭಾವನ ಧ್ವನಿ ಕೇಳಿಸಿತು, 'ಹಾಗಲ್ಲ ಕಣ್ರೇ, ಕೊಡಿ ಇಲ್ಲಿ.' ಆಮೇಲೆ ಹೊತ್ತು ಹಿಡಿಯಲಿಲ್ಲ. ಗೋಡೆ ಹಾಕಿದವರಿಗೆ ಕೀಳುವುದು ಚೆನ್ನಾಗಿ ಗೊತ್ತಿರುತ್ತದೆ. ಆ ಸಂದಿಯಲ್ಲಿ ಭಾವ ನಮ್ಮ ಕಡೆಗೆ ದಾಟಿ ಬಂದು, ಅತ್ತೆಯನ್ನು ಕಂಬಳಿ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, 'ಅಮ್ಮಾ, ಬಾಮ್ಮಾ' ಎಂದರು. ನಾನು ಅತ್ತುಬಿಟ್ಟೆ.

ಅತ್ತೆಯ ಮೈ ಬೆಚ್ಚಗಾಗಲು ಸಂಜೆಯಾಯಿತು. ಪಾದ ತಿಕ್ಕಿದ್ದೇ ತಿಕ್ಕಿದ್ದು. ದೀಪ ಹಚ್ಚುವ ಹೊತ್ತಿಗೆ ಕಣ್ಣು ಬಿಟ್ಟು, ಸುತ್ತ ನೋಡಿ, ಭಾವನಿಗೆ, 'ಕರೆಯೋಕೆ ಇಷ್ಟು ಹೊತ್ತಾ ನಿಂಗೆ' ಎಂದು ಬೈದರು. ಬೈದಾಗ ನಮ್ಮೆಲ್ಲರಿಗೂ ಜೀವ ಬಂತು. ಅಂದಿನಿಂದ ಎಲ್ಲರದ್ದೂ ಆ ಒಲೆಯ ಮುಂದೆಯೇ ಊಟ, ನಿದ್ದೆ, ಜಗಳ. ಪಟಾಕಿ ದೊಡ್ಡಪ್ಪನ ಕೈಯಲ್ಲಿ ತಲೆಗೂದಲು ಕತ್ತರಿಸಿಕೊಂಡು ಗುರುತೇ ಸಿಗದಂತಾಗಿದ್ದಾಳೆ. ನಮ್ಮ ಸೌದೆ ಮುಗಿದ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಲಗೆಗಳು ಮೂಲೆಗೆ ಒರಗಿದ್ದವು. ಅತ್ತೆಯೇ, 'ಚೆನ್ನಾಗಿ ಒಣಗಿವೆ, ಯಾತಕ್ಕೆ ಇಟ್ಕೊಂಡಿದೀರಿ' ಎಂದರು. ಒಂದೊಂದಾಗಿ ಎಲ್ಲವನ್ನೂ ಉರಿಸಿದೆವು. ಕೊನೆಯ ಹಲಗೆಯನ್ನು ಒಲೆಗೆ ತುರುಕುತ್ತ, ನನ್ನ ಕಡೆ ನೋಡದೆಯೇ ಭಾವ ಕೇಳಿದರು, 'ಅವನ ಸೊಂಟ ಹೇಗಿದೆಯಂತೆ?' ನಾನು ಹೇಳಿದೆ, ಮುಲಾಮು ಹಚ್ಚಿಕೊಳ್ಳುವುದಿಲ್ಲ ಎಂದು. 'ಚಿಕ್ಕಂದಿನಿಂದ್ಲೂ ಅವನು ಹಾಗೇ' ಎಂದರು.

ನಿಮ್ಮ ಕೋಪ ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ಬರಲಿ. ಎಂಜಿನ್ ಕೋಣೆಯಲ್ಲಿ ನಾಲ್ಕು ಸುತ್ತು ಹೊಡೆಯಿರಿ, ಒಂದು ಕೊಳವೆಗೆ ಒದೆಯಿರಿ, ಮತ್ತೆ ಕೂತು ಓದಿ. ನೀವಿಲ್ಲದಾಗ ಈ ಮನೆಯನ್ನು ನಡೆಸಿದವಳು ನಾನು. ಒಂದು ಕಡ್ಡಿಯೂ ಹೋಗಕೂಡದು ಎಂದಿರಿ, ನಾನು ಪೂರ್ತಿ ಕೊಟ್ಟಿಗೆಯನ್ನೇ ಕೊಟ್ಟೆ. ಗೋಡೆಯನ್ನೂ ಕೊಟ್ಟೆ. ಮತ್ತೆ ಅಂಥ ದಿನ ಬಂದರೆ ಮತ್ತೆ ಕೊಡುತ್ತೇನೆ. ಕ್ಷಮೆ ಕೇಳಲು ಬರೆದ ಕಾಗದ ಇದಲ್ಲ.

ಅತ್ತೆ ನಿಮ್ಮನ್ನು ಹರಸಿದ್ದಾರೆ, ಜೊತೆಗೆ ಬೈದೂ ಇದ್ದಾರೆ, ಯಾವುದನ್ನು ಮೊದಲು ತೆಗೆದುಕೊಳ್ಳುವಿರೋ ನಿಮಗೆ ಬಿಟ್ಟದ್ದು. ಪಟಾಕಿಯ ಮುತ್ತು. ನಿಮ್ಮ ಕ್ಷೇಮ ಕೇಳಿದ್ದೇನೆಂದು ಬರೆ ಎಂದರು ಅಕ್ಕ. ಭಾವ ಏನೂ ಬರೆಯಲು ಹೇಳಲಿಲ್ಲ, ಆದರೆ ಈ ಪೆನ್ನಿಗೆ ಮಸಿ ತುಂಬಿಕೊಟ್ಟವರು ಅವರೇ. ಮೈ ಕಡೆ ಜೋಪಾನ.

ಒಮ್ಮೆ ಎಳೆದರೆ ಬಿಡುವುದಿಲ್ಲ ಎಂದು ನೀವೇ ಹೆಸರಿಟ್ಟ
ನಿಮ್ಮ ಹ್ಯಾಂಡ್ ಬ್ರೇಕು

ಮರೆತಿದ್ದೆ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮರೆತಿದ್ದೂ ಅಲ್ಲ, ಬೇಕೆಂತಲೇ ಕೊನೆಗೆ ಇಟ್ಟುಕೊಂಡೆ. ಕರೆಂಟು ಶನಿವಾರವೇ ಬಂತು. ಎರಡೂ ಕಡೆಯ ಬಲ್ಬು ಹತ್ತಿತು, ಎರಡೂ ಹೀಟರು ಗುಂಯ್ ಎಂದವು. ಭಾವ ಎದ್ದರು. ಇನ್ನು ಮುಗಿಯಿತು, ನಮ್ಮನಮ್ಮ ಕಡೆಗೆ ಹೊರಡಬೇಕು ಎಂದುಕೊಂಡೆ. ಅವರು ಹೋಗಿ ತಮ್ಮ ಹೀಟರು ಆರಿಸಿದರು, ನಮ್ಮ ಕಡೆಗೆ ಹೋಗಿ ನಮ್ಮದನ್ನೂ ಆರಿಸಿದರು, ಬಂದು, ಬೀದಿಯಿಂದ ಆಯ್ದು ತಂದು ಒಣಗಿಸಿದ್ದ ಕೊಂಬೆಯೊಂದನ್ನು ಒಲೆಗೆ ಹಾಕಿ ಕೂತರು. ಚಳಿಗೆ ಹೆದರಿ ಸೇರಿಕೊಂಡೆವು ಎಂದು ನೀವು ಅಂದುಕೊಳ್ಳಬಾರದಲ್ಲ, ಅದಕ್ಕೇ ಬರೆದೆ. ಈಗ ಕರೆಂಟಿದೆ, ಹೀಟರಿದೆ, ಎಲ್ಲ ಇದೆ, ಆದರೂ ಯಾರೂ ಎದ್ದು ಹೋಗಿಲ್ಲ. ಇಟ್ಟಿಗೆ ತರುವುದಾದರೆ ಬರಲೇಬೇಡಿ. ಬರಿಗೈಯಲ್ಲಿ ಬೇಗ ಬನ್ನಿ.