ವಿಠ್ಠಲ್ ಕೂಡಿಸಿದ ಹಾರ್ನ್

ಪ್ರಮಿತಾ,

ನಾನು ಶಾಲೆಗೆ ಹೊರಟೆ. ಕಾರನ್ನು ನೀನೇ ವಾಡಿಗೆ, ಮೆಕ್ಯಾನಿಕ್ ಚೌಡೇಶನ ಹತ್ತಿರ ಒಯ್ಯಿ.

ಫ್ಯೂಸ್ ಸುಡುವುದು ನಿಮ್ಮಣ್ಣ ಹಾಕಿದ ಹಾರ್ನಿನಿಂದಲೇ. ನಿನ್ನೆ ಅದರ ವೈರ್ ಬಿಚ್ಚಿಟ್ಟೆ, ಸುಡಲಿಲ್ಲ. ರಿಲೇ ಗಿಲೇ ಏನೂ ಇಲ್ಲದೆ ಟೇಪು ಸುತ್ತಿ ಮುಗಿಸಿದ್ದಾನೆ. ಎಲ್ಲದಕ್ಕೂ ಅವಸರ ಅವನದು, ಹೋಗುವುದಕ್ಕೂ.

"ತೆಗದು ಒಗೀರಿ ಸರ್, ಕಂಪನಿ ಹಾರ್ನೇ ಭಾಳ ಆತು" ಅಂತಾನೆ ಚೌಡೇಶ. ವಿಠ್ಠಲನ ವರ್ಷಾಬ್ದಿಕ ಕೂಡ ಆಗಿಲ್ಲ, ಒಗೆಯಲು ಬಿಡಬೇಡ. ಹೊಸ ವೈರು, ರಿಲೇ ಹಾಕಿಸು.

ರಿಪೇರಿಯಾದ ಮೇಲೆ ಅಲ್ಲೇ ಒತ್ತಿ ನೋಡು, ಮನೆ ಮುಂದೆ ಬೇಡ. ಮೊನ್ನೆ ನಾನು ಒತ್ತಿದಾಗ ನಿಮ್ಮಮ್ಮ "ವಿಠ್ಠಲ್ ಬಂದ ನೋಡ್ರಿ" ಎಂದು ಚಹಾಕ್ಕೆ ನೀರಿಟ್ಟಳು. ಆಮೇಲೆ ತಾನೇ ಒಲೆ ಆರಿಸಿದಳು.

ಅಪ್ಪ