ಬೆಂಚಿನಲ್ಲಿ ಹಿಡಿಯದ ಬಸುರಿ ಮತ್ತು ಪರೀಕ್ಷಾ ಅಕ್ರಮ

ಪರೀಕ್ಷಾ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಎಂಟು ತಿಂಗಳು ತುಂಬಿದ ಹೊಟ್ಟೆಯೊಂದಿಗೆ ನಾನು ನಿಮ್ಮ ಪರೀಕ್ಷಾ ಕೇಂದ್ರದ ಬೆಂಚಿನಲ್ಲಿ ಹಿಡಿಯಲಿಲ್ಲ. ಬೇರೆ ಕುರ್ಚಿ ಕೇಳಿದೆ, ಸಿಗಲಿಲ್ಲ. ನೆಲದ ಮೇಲೆ ಕುಳಿತು ಬರೆದೆ. ಅದಕ್ಕಾಗಿ ನೀವು ನನ್ನ ಮೇಲೆ ಪರೀಕ್ಷಾ ಅಕ್ರಮದ ಪ್ರಕರಣ ದಾಖಲಿಸಿ, ಬಿ.ಎಡ್. ಕೊನೆಯ ಸೆಮಿಸ್ಟರಿನ ಆ ಪತ್ರಿಕೆಯನ್ನು ರದ್ದು ಮಾಡಿದ್ದೀರಿ. ಅಕ್ಕೋಳದ ಬಸವಂತನ ಹೆಂಡತಿ ಕಾಪಿ ಹೊಡೆದು ಸಿಕ್ಕಿಬಿದ್ದಳಂತೆ ಎಂಬ ಸುದ್ದಿ ನಿಮ್ಮ ಆದೇಶಕ್ಕಿಂತ ಮೊದಲೇ ಊರು ತಲುಪಿತು. ಸುದ್ದಿ ಬಹಿರಂಗವಾದ ಮೇಲೆ ಉತ್ತರವೂ ಬಹಿರಂಗವಾಗಿಯೇ ಇರಲಿ ಎಂದು ಈ ಪತ್ರ.

ನಾನು ಯಾರೆಂದು ನಿಮಗೆ ನೋಂದಣಿ ಸಂಖ್ಯೆಯ ಮೂಲಕ ಮಾತ್ರ ಗೊತ್ತು. ಮದುವೆಯಾದ ಮೇಲೆ ಓದು ಶುರು ಮಾಡಿದವರಲ್ಲಿ ನಾನೂ ಒಬ್ಬಳು. ಗಂಡ ಬಸವಂತ ಹೊಲ ನೋಡಿಕೊಂಡು ಕುರಿ, ಎಮ್ಮೆ ಸಾಕುತ್ತಾನೆ. ಮಗಳು ಸಪನಾ ಒಂದನೆಯ ಇಯತ್ತೆಗೆ ಹೋಗುತ್ತಾಳೆ. ಮಗ ಸಂಗ್ರಾಮ ಇನ್ನೂ ಎಲ್ಲಿಗೂ ಹೋಗುವುದಿಲ್ಲ, ಅದೇ ಕಷ್ಟ; ಮನೆಯಲ್ಲಿದ್ದುಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ನೀರಿನ ಹಂಡೆಗೆ ಹಾಕುತ್ತಾನೆ. ಮೂರನೆಯದು ಹೊಟ್ಟೆಯಲ್ಲಿದ್ದಾಗಲೇ ನಾವು ಹಳೆಯ ಕುರಿ ದೊಡ್ಡಿ ಒಡೆಸಿ ಬಚ್ಚಲುಮನೆ ಮತ್ತು ಅಡುಗೆಮನೆ ಕಟ್ಟಿಸಲು ಹೊರಟಿದ್ದೆವು. ಆ ಕೆಲಸ ಹಿಡಿದವಳೂ ನಾನೇ. ಬಚ್ಚಲು ಎಲ್ಲಿ, ಒಲೆಯ ಕಟ್ಟೆ ಎಷ್ಟು ಎತ್ತರ, ಕಿಟಕಿ ಯಾವ ಕಡೆ ಎಂದು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದೆ. ಹೊಸ ಗೋಡೆಗೆ ದಿನವೂ ನೀರು ಹೊಡೆಯಬೇಕಲ್ಲ, ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಪುಸ್ತಕ. ಶೈಕ್ಷಣಿಕ ಮನೋವಿಜ್ಞಾನವನ್ನು ನನ್ನಷ್ಟೇ ಚೆನ್ನಾಗಿ ನಮ್ಮ ಅಡುಗೆಮನೆಯ ಗೋಡೆಯೂ ಕೇಳಿಸಿಕೊಂಡಿದೆ. ಗೌಂಡಿ ಸಿದ್ದಲಿಂಗ ಒಮ್ಮೆ ಕೇಳಿಯೇಬಿಟ್ಟ.

"ಅಕ್ಕಾರ, ಪರೀಕ್ಷಾ ಮೊದಲೋ, ಕೂಸು ಮೊದಲೋ, ಗ್ವಾಡಿ ಗಿಲಾವ್ ಮೊದಲೋ? ಒಂದ್ ಹೇಳ್ರಿ, ಅದಕ್ಕ ಹೊಂದಸಿ ನಾ ಸಿಮೆಂಟ್ ತರಸ್ತೀನಿ."

"ಮೂರೂ ಕೂಡೇ ಬರಾಕತ್ತಾವಪಾ. ನೀ ತರಸು," ಎಂದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ನನ್ನ ಮೇಲೆ ಕನಿಕರ ಬರಲಿ ಎಂದಲ್ಲ. ಕನಿಕರಕ್ಕೆ ನಿಮ್ಮಲ್ಲಿ ಪ್ರತ್ಯೇಕ ನಮೂನೆ ಇರಬಹುದು, ಅದನ್ನು ತುಂಬುವಷ್ಟು ಪುರುಸೊತ್ತು ನನಗಿಲ್ಲ. ಇಷ್ಟೆಲ್ಲ ಮಾಡಿಕೊಂಡು ಓದುವವಳು ಕಾಪಿ ಹೊಡೆಯುವ ಚೀಟಿ ಸಿದ್ಧಪಡಿಸಲು ಸಮಯ ಎಲ್ಲಿಂದ ತರುತ್ತಾಳೆ ಎಂಬುದನ್ನಷ್ಟೇ ಯೋಚಿಸಿ.

ನಮ್ಮ ಕಾಲೇಜಿನವರಿಗೆ ಪ್ರತಿ ಸಲ ಪರೀಕ್ಷೆ ನಡೆಯುತ್ತಿದ್ದುದು ನಿಪ್ಪಾಣಿಯಲ್ಲಿ. ಅಕ್ಕೋಳದಿಂದ ಬಸ್ಸು ಹತ್ತಿದರೆ ಪುಸ್ತಕದ ಒಂದು ಪಾಠ ಮುಗಿಯುವುದರೊಳಗೆ ಇಳಿಯಬಹುದು. ಈ ಸಲ ನಿಮಗೆ ಏನನ್ನಿಸಿತೋ, ಕೇಂದ್ರವನ್ನು ಅಥಣಿಗೆ ಹಾಕಿದಿರಿ. ನಿಪ್ಪಾಣಿಯಿಂದ ಚಿಕ್ಕೋಡಿ, ಅಲ್ಲಿ ಇನ್ನೊಂದು ಬಸ್ಸು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆಯೇ ಕೃಷ್ಣಾ ನದಿ ದಾಟಿ ಅಥಣಿ. ನಾನು ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿಕೊಂಡವರು ಬಹಳ ವಿನಯದಿಂದ ಮಾತಾಡಿದರು.

"ಅನುಕೂಲ ಆಗ್ಲಿ ಅಂತ ಬದಲಿ ಮಾಡೇವ್ರಿ."

"ಯಾರಿಗಿ ಅನುಕೂಲರಿ?"

"ಆಡಳಿತಕ್ಕರಿ."

ನಾನು ಬಸುರಿ ಎಂದು ಹೇಳಿದೆ. ಅಭಿನಂದನೆ ತಿಳಿಸಿದರು. ಕೂರಲು ಬೆನ್ನಿರುವ ಕುರ್ಚಿಯೊಂದು ಬೇಕಾಗಬಹುದು ಎಂದೆ. ಕೇಂದ್ರದಲ್ಲಿಯೇ ಹೇಳಿಕೊಳ್ಳಬೇಕೆಂದರು. ಒಂದು ಕುರ್ಚಿಗಾಗಿ ಎಂಥ ಸರಳ ವ್ಯವಸ್ಥೆ ಎಂದು ಆಗ ಸಮಾಧಾನವಾಗಿತ್ತು.

ನನ್ನ ತವರು ಮಂಗಸೂಳಿ. ಅಲ್ಲಿಂದ ಅಥಣಿ ಹತ್ತಿರವೆಂದು ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ತವರಿಗೆ ಬಂದೆ. ಜೊತೆಗೆ ಅತ್ತೆ ತಾರವ್ವನೂ ಹೊರಟಳು. ಸೊಸೆ ತವರಿಗೆ ಹೋಗುವಾಗ ಅತ್ತೆಯೂ ಹೋಗುವುದು ನಮ್ಮ ಕಡೆ ಕಡಿಮೆ. ಬೀಗರು ಏನೆಂದಾರು ಎಂದು ಬಸವಂತ ಕೇಳಿದ್ದಕ್ಕೆ ಅವಳು, "ಅಂದ್ರ ಅನ್ಲಿ. ಈಕಿ ಪೇಪರ್ ಬರಿಯೂಮುಂದ ಸಂಗ್ರಾಮನ್ನ ಹಿಡಿಯೋರು ಯಾರು? ನೀ ಹಿಡೀತಿಯೇನ?" ಎಂದಳು. ಬಸವಂತ ಕುರಿ ಮೇಯಿಸಲು ಹೋದ.

ಮೊದಲ ದಿನಗಳ ಪತ್ರಿಕೆಗಳನ್ನು ಹೇಗೋ ಬರೆದೆ. ಆ ಕೊಠಡಿಯಲ್ಲಿ ಬಿಡಿ ಬೆಂಚುಗಳಿದ್ದವು. ಮುಂದಿನದನ್ನು ಸ್ವಲ್ಪ ಸರಿಸಿ ಜಾಗ ಮಾಡಿಕೊಳ್ಳಬಹುದಿತ್ತು. ಕೊನೆಯ ಪತ್ರಿಕೆಯ ದಿನ ನಮ್ಮನ್ನು ಮಾಳಿಗೆಯ ಬೇರೆ ಕೊಠಡಿಗೆ ಹಾಕಿದರು. ಅಲ್ಲಿ ಕೂರುವ ಹಲಗೆಯನ್ನೂ ಬರೆಯುವ ಹಲಗೆಯನ್ನೂ ಕಬ್ಬಿಣದ ಪಟ್ಟಿಯಿಂದ ಸೇರಿಸಿ ಬೆಸುಗೆ ಹಾಕಿಸಿದ್ದಾರೆ. ಎಂಟನೆಯ ಇಯತ್ತೆಯ ಮಕ್ಕಳಿಗಾಗಿ ಮಾಡಿಸಿದ್ದು. ನಾನು ಮುಂದಿನಿಂದ ಪ್ರಯತ್ನಿಸಿದೆ, ಪಕ್ಕದಿಂದ ಪ್ರಯತ್ನಿಸಿದೆ. ಅಡ್ಡ ಕುಳಿತು ಸೊಂಟ ತಿರುಗಿಸಿ ಬರೆಯಲು ನೋಡಿದೆ. ಪುಟ ತುಂಬುವುದರೊಳಗೆ ಹೊಟ್ಟೆಯಲ್ಲಿದ್ದದ್ದು ಒದ್ದು ಆಕ್ಷೇಪಣೆ ಸಲ್ಲಿಸಿತು. ಕೊಠಡಿಯ ಮೇಲ್ವಿಚಾರಕ ಒಬ್ಬ ಹುಡುಗವಯಸ್ಸಿನ ಮೇಷ್ಟ್ರು, ಒಳ್ಳೆಯವನು, ಆದರೆ ನಿಮಗೆ ಹೆದರುವವನು.

"ಸರ್, ಇದರಾಗ ಕುಂದ್ರಾಕ ಆಗವಲ್ದ್ರಿ. ಒಂದ್ ಕುರ್ಚಿ ಕೊಡ್ರಿ."

"ನಂಗ ತಿಳಿತೈತ್ರಿ ಅಕ್ಕಾರ. ಆದ್ರ ನಿಮ್ಮ ನಂಬರ್ ಬೆಂಚಿಗಿ ಬರದಾರ, ಕುರ್ಚಿಗಿ ಬರದಿಲ್ಲ."

"ನಿಮ್ಮ ಕುರ್ಚಿ ಖಾಲಿನೇ ಐತಲ್ರಿ."

"ಅದು ಮೇಲ್ವಿಚಾರಕರ ಕುರ್ಚಿರಿ. ಅದರಾಗ ವಿದ್ಯಾರ್ಥಿ ಕುಂತಾರ ಅಂದ್ರ ನನ್ನ ನೋಕರಿ ಹೋಗ್ತೈತಿ."

ಆತ ಕೆಳಗೆ ಹೋಗಿ ಕೇಂದ್ರದ ಮುಖ್ಯಸ್ಥರನ್ನು ಕೇಳಿ ಬಂದ. ಮೇಲಿನಿಂದ ಸೂಚನೆ ಇಲ್ಲದೆ ಆಸನ ಬದಲಿಸುವಂತಿಲ್ಲ ಎಂದರಂತೆ. ಮೇಲೆ ಎಂದರೆ ನೀವು. ನೀವೋ ಕೇಂದ್ರದಲ್ಲಿ ಕೇಳು ಎಂದಿದ್ದಿರಿ. ಇಬ್ಬರ ನಡುವೆ ನನ್ನ ಸಮಯ ಓಡುತ್ತಿತ್ತು. ಕೊನೆಗೆ ನಾನೇ ನನ್ನ ಸಂಖ್ಯೆ ಬರೆದಿದ್ದ ಬೆಂಚಿನ ಪಕ್ಕದಲ್ಲೇ ನೆಲಕ್ಕೆ ಕುಳಿತೆ. ಕೂರುವ ಹಲಗೆಯ ಮೇಲೆ ಉತ್ತರಪತ್ರಿಕೆ ಇಟ್ಟು ಬರೆಯತೊಡಗಿದೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತ. ಆ ದಿನದ ವಿಷಯ ಸಮನ್ವಯ ಶಿಕ್ಷಣ. ವಿಶೇಷ ಅಗತ್ಯವುಳ್ಳ ಮಗುವಿಗಾಗಿ ತರಗತಿಯ ಆಸನ ವ್ಯವಸ್ಥೆಯಲ್ಲಿ ಮಾಡಬೇಕಾದ ಮಾರ್ಪಾಡುಗಳನ್ನು ವಿವರಿಸಿ ಎಂದು ಒಂದು ಪ್ರಶ್ನೆ ಇತ್ತು. ನಾನು ಕಟ್ಟಿ ಹೇಳುತ್ತಿಲ್ಲ, ಪ್ರಶ್ನೆಪತ್ರಿಕೆ ನಿಮ್ಮದೇ, ತೆಗೆದು ನೋಡಿ. ಅದನ್ನು ನಾನು ಬಹಳ ವಿವರವಾಗಿ ಬರೆದೆ.

ಆಗ ಜಾಗೃತ ದಳ ಬಂತು. ಮುಂದೆ ಇದ್ದವರು ಒಬ್ಬ ಮೇಡಮ್ಮು. ನನ್ನನ್ನು ಕಂಡು ಒಂದು ಕ್ಷಣ ಅವರ ಮುಖ ಮೆತ್ತಗಾಯಿತು. ಹೆಣ್ಣುಮಗಳು, ಅರ್ಥ ಮಾಡಿಕೊಂಡರು ಎಂದುಕೊಂಡೆ.

"ಇದೇನವಾ ಇದು, ನೆಲಕ್ಕ ಕುಂತಿ?"

"ಬೆಂಚಿನ್ಯಾಗ ಹಿಡಿಯವಲ್ಲೆರಿ ಮೇಡಮ್."

"ನಾನೂ ಎರಡ್ ಹಡದೇನಿ. ಹಿಂಗ ಎಲ್ಲಿ ಬೇಕಲ್ಲಿ ಕುಂತ ಪರೀಕ್ಷಾ ಬರದಿಲ್ಲ."

ಬೆಂಚಿನ ಕೆಳಗೆ ನೋಡಿದರು, ನನ್ನ ಸೆರಗು ಕೊಡವಿಸಿದರು. ಏನೂ ಸಿಗಲಿಲ್ಲ. ಸಿಗದಿರುವುದೇ ಅವರಿಗೆ ಅನುಮಾನ ತಂದಿತು. ನಿಗದಿತ ಆಸನ ಬಿಟ್ಟಿದ್ದಾಳೆ, ಮರೆಯಲ್ಲಿ ಕುಳಿತಿದ್ದಾಳೆ ಎಂದು ಬರೆದು ಉತ್ತರಪತ್ರಿಕೆ ಕಸಿದುಕೊಂಡರು. ಮೇಷ್ಟ್ರು ನನ್ನ ಪರವಾಗಿ ಬಾಯಿ ತೆರೆದ. ಮೇಡಮ್ಮು ಅವನನ್ನು ನೋಡಿದರು. ಬಾಯಿ ಮುಚ್ಚಿದ. ನಾನು ಮಾಳಿಗೆಯಿಂದ ಕಂಬಿ ಹಿಡಿದು ಇಳಿದು ಬಂದಾಗ ಗೇಟಿನ ಬಳಿ ಅತ್ತೆ ಸಂಗ್ರಾಮನಿಗೆ ದ್ರಾಕ್ಷಿ ತಿನ್ನಿಸುತ್ತ ಕುಳಿತಿದ್ದಳು. "ಇಷ್ಟ ಲಗೂನ ಮುಗೀತೇನ?" ಎಂದು ಕೇಳಿದಳು. ಅತ್ತೆಯ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ, ರಸ್ತೆಯಲ್ಲಿಯೇ. ನನ್ನ ಅಳುವಿಗೂ ಅನುಮತಿ ಬೇಕಿತ್ತೋ ಏನೋ, ನಿಮ್ಮ ಕೈಪಿಡಿಯಲ್ಲಿ ನೋಡಬೇಕು.

ಅಕ್ಕೋಳಕ್ಕೆ ಮರಳಿದೆವು. ಮಗು ಹುಟ್ಟಿತು, ಹೆಣ್ಣು. ಅದರ ಹಿಂದೆಯೇ ನಿಮ್ಮ ನೋಟೀಸೂ ಬಂತು. ಇದರ ನಡುವೆ ಒಂದು ದಿನ ಸಪನಾ ಶಾಲೆಯಿಂದ ಬಂದು ಚೀಲ ಇಳಿಸದೆ ನನ್ನ ಹಾಸಿಗೆಯ ಬಳಿ ನಿಂತಳು.

"ಅವ್ವಾ, ನೀ ಕಾಪಿ ಹೊಡದಿಯೇನ?"

"ಯಾರಂದ್ರು?"

"ಎಲ್ಲಾರೂ ಅನ್ನಾಕತ್ತಾರ."

ಅವಳಿಗೆ ಅಕ್ಷರ ಕಲಿಸಿದವಳು ನಾನು. ಪಕ್ಕದವರ ಪಾಟಿ ನೋಡಿ ಬರೆಯಬಾರದು ಎಂದು ಕಲಿಸಿದವಳೂ ನಾನೇ. ಇಲ್ಲವ್ವಾ ಎಂದೆ. ನಂಬಿದಂತೆ ತಲೆಯಾಡಿಸಿದಳು. ಆದರೆ ಆ ವಾರವೆಲ್ಲ ಮನೆಪಾಠ ತೋರಿಸಲು ನನ್ನ ಬಳಿ ಬರಲಿಲ್ಲ, ಅಜ್ಜಿಯ ಬಳಿ ಹೋದಳು. ಅಜ್ಜಿಗೆ ಓದಲು ಬರುವುದಿಲ್ಲ. ಮಾನ್ಯರೇ, ನಿಮ್ಮ ಇಡೀ ಆದೇಶದಲ್ಲಿ ನನಗೆ ನಿಜವಾಗಿ ನೋವಾದದ್ದು ಇದೊಂದು.

ವಿಚಾರಣೆಗೆ ಬಾಣಂತಿ ಹೋಗುವುದು ಬೇಡ ಎಂದು ಎಲ್ಲರೂ ಹೇಳಿದರು. ಬರದಿದ್ದರೆ ತಪ್ಪೊಪ್ಪಿಕೊಂಡಂತೆ ಎಂದು ನೋಟೀಸಿನಲ್ಲಿತ್ತು. ಕಿವಿಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಅವಳನ್ನೂ ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಮೂವರ ಸಮಿತಿ ಕುಳಿತಿತ್ತು, ಬೆನ್ನಿರುವ, ಮೆತ್ತೆಯಿರುವ ಕುರ್ಚಿಗಳಲ್ಲಿ. ನಡೆದದ್ದನ್ನು ಹೇಳಿದೆ. ಅಧ್ಯಕ್ಷರು ಗಂಭೀರವಾಗಿ ಕೇಳಿದರು. ಆಮೇಲೆ ಸಿಪಾಯಿಯನ್ನು ಕರೆದು, ಅಂಥದೇ ಒಂದು ಬೆಂಚು ತರಿಸಿದರು. ಸತ್ಯಶೋಧನೆಗೆ ಎಷ್ಟು ಶ್ರದ್ಧೆ ಎಂದು ಮೆಚ್ಚಿಕೊಳ್ಳುವಷ್ಟರಲ್ಲಿ ನನ್ನ ಕಡೆ ತಿರುಗಿ, "ಕೂತ್ಕೊಳ್ಳಿ ನೋಡೋಣ" ಎಂದರು.

ಕುಳಿತೆ. ಹಿಡಿಯಿತು.

"ಅಭ್ಯರ್ಥಿಯು ಸದರಿ ಬೆಂಚಿನಲ್ಲಿ ಸರಾಗವಾಗಿ ಕುಳಿತಿದ್ದು ಕಂಡುಬಂದಿದೆ," ಎಂದು ಗುಮಾಸ್ತರಿಗೆ ಹೇಳಿ ಬರೆಸಿದರು.

"ಸರ್, ಅವತ್ತ ನಂಗ ಹೊಟ್ಟಿ ಇತ್ರಿ," ಎಂದೆ.

"ಇವತ್ತು ಇಲ್ಲವಲ್ಲ."

"ಇಲ್ರಿ. ಅಲ್ಲಿ ನಮ್ಮತ್ತಿ ತೊಡಿ ಮ್ಯಾಲ ಮಲಗೈತಿ."

"ಸಮಿತಿ ತನ್ನ ಕಣ್ಣಿಗೆ ಕಂಡದ್ದನ್ನು ಮಾತ್ರ ಪರಿಗಣಿಸುತ್ತದಮ್ಮ."

ಅಲ್ಲಿಯವರೆಗೆ ಬಾಗಿಲ ಬಳಿ ಕುಳಿತಿದ್ದ ನಮ್ಮತ್ತೆ ಕೂಸನ್ನೆತ್ತಿಕೊಂಡು ಎದ್ದಳು. ಅವಳಿಗೆ ಕಚೇರಿಗಳ ಪರಿಚಯ ಕಡಿಮೆ. ಅಧ್ಯಕ್ಷರು ಮೈಕೈ ತುಂಬಿಕೊಂಡ, ಮುಂದಕ್ಕೆ ಸಾಕಷ್ಟು ಬೆಳೆದ ಹಿರಿಯರು. ಅತ್ತೆ ಅವರನ್ನು ಒಮ್ಮೆ, ಬೆಂಚನ್ನು ಒಮ್ಮೆ ನೋಡಿದಳು.

"ಸಾಹೇಬ್ರ, ಅವತ್ತ ಆಕಿ ಹೆಂಗಿದ್ಳು ಅನ್ನೂದು ಕಣ್ಣೀಲೇ ಕಾಣಬೇಕಂದ್ರ, ನೀವ ಒಂದ್ ಸಲ ಅದರಾಗ ಕುಂದ್ರರಿ."

ಸಿಪಾಯಿ ಗೋಡೆಯ ಕಡೆ ಮುಖ ಮಾಡಿದ. ಎಡಗಡೆಯ ಸದಸ್ಯರಿಗೆ ಕೆಮ್ಮು ಬಂತು. ಅಧ್ಯಕ್ಷರು, "ಅಜ್ಜಿ, ಇದು ಕಚೇರಿ" ಎಂದರು.

"ಗೊತ್ತೈತ್ರಿ. ನಮ್ಮ ಮನ್ಯಾಗ ಆಗಿದ್ರ ನಾವ ಕುರ್ಚಿ ಕೊಡತಿದ್ವಿ."

ಈ ಮಾತು ನಡಾವಳಿಯಲ್ಲಿ ದಾಖಲಾಗಿಲ್ಲ. ಬೆಂಚಿನ ಸಂಗತಿ ಮಾತ್ರ ದಾಖಲಾಗಿದೆ. ಪತ್ರಿಕೆ ರದ್ದಾಗಿದೆ. ಹೆರಿಗೆಯಾಗಿರುವುದನ್ನು ಮಾನವೀಯ ನೆಲೆಯಲ್ಲಿ ಪರಿಗಣಿಸಿ ನನ್ನನ್ನು ಡಿಬಾರ್ ಮಾಡಿಲ್ಲವೆಂದೂ, ಮುಂದಿನ ವರ್ಷ ಮತ್ತೆ ಬರೆಯಬಹುದೆಂದೂ ಆದೇಶದ ಕೊನೆಯಲ್ಲಿ ಸೇರಿಸಿದ್ದೀರಿ. ಪರೀಕ್ಷೆಯ ದಿನ ಕಾಣದಿದ್ದ ಬಸಿರು ನಿಮಗೆ ಶಿಕ್ಷೆ ಬರೆಯುವಾಗ ಕಂಡಿತಲ್ಲ, ಅದು ಸಣ್ಣ ಉಪಕಾರವೇ? ನಿಪ್ಪಾಣಿಯ ಶಾಲೆಯೊಂದು ಫಲಿತಾಂಶ ಬಂದ ಕೂಡಲೇ ಕೆಲಸಕ್ಕೆ ಬಾ ಎಂದಿತ್ತು. ಅವರು ಕಾಯಲಿಲ್ಲ, ಬೇರೆಯವರನ್ನು ತೆಗೆದುಕೊಂಡರು. ಅವರ ತಪ್ಪೇನಿಲ್ಲ, ಮಕ್ಕಳು ಜೂನ್ ತಿಂಗಳಲ್ಲಿ ಬಂದು ಕುಳಿತಿರುತ್ತಾರೆ.

ನೀವು ಹೇಳಬಹುದು: ನಿಯಮ ಎಲ್ಲರಿಗೂ ಒಂದೇ. ಒಪ್ಪಿದೆ. ಆದರೆ ಬಿ.ಎಡ್. ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು, ಬಹಳಷ್ಟು ಜನ ಮದುವೆಯಾದವರು. ಇವರಲ್ಲಿ ಯಾರಾದರೂ ಒಬ್ಬಳು ಯಾವುದಾದರೂ ವರ್ಷ ಬಸುರಿಯಾಗಿರಬಹುದು ಎಂಬ ಊಹೆ ಇಷ್ಟು ವರ್ಷ ನಿಮ್ಮ ಯಾವ ಸಭೆಯಲ್ಲೂ ಬರಲಿಲ್ಲವೇ? ಜಾಗೃತ ದಳಕ್ಕೆ ಜೀಪು ಸಿಗುತ್ತದೆ, ವಿಚಾರಣೆಗೆ ಬೆಂಚು ಸಿಗುತ್ತದೆ, ಕೊಠಡಿಗೊಂದು ಕುರ್ಚಿ ಸಿಗುವುದಿಲ್ಲ. ಚೀಟಿ ಸಿಗದ ಮೇಲೂ ನಕಲು ಮಾಡಿದಳೆನ್ನುವ ನೀವು, ಪರೀಕ್ಷೆಯಲ್ಲಿ ಹೀಗೆ ಪುರಾವೆಯಿಲ್ಲದೆ ಉತ್ತರ ಬರೆದಿದ್ದರೆ ಎಷ್ಟು ಅಂಕ ಬರುತ್ತಿತ್ತು?

ನಮ್ಮ ಅಡುಗೆಮನೆ ಮುಗಿದಿದೆ. ಬಚ್ಚಲಿಗೆ ಬಾಗಿಲು ಕೂರಿಸುವುದಿದೆ. ಕೂಸು ಜೋಳಿಗೆಯಲ್ಲಿ ಮಲಗಿದೆ. ಸಂಗ್ರಾಮ ಹಂಡೆಯ ಹತ್ತಿರ ಇದ್ದಾನೆ, ಏನು ಹಾಕಿದನೆಂದು ಈ ಪತ್ರ ಮುಗಿದ ಮೇಲೆ ನೋಡುತ್ತೇನೆ.

ಈಗ ನನ್ನ ಬೇಡಿಕೆ. ಮುಂದಿನ ಪರೀಕ್ಷೆಯೊಳಗೆ ಪ್ರತಿ ಕೊಠಡಿಯಲ್ಲಿ ಬಿಡಿ ಕುರ್ಚಿ ಮತ್ತು ಮೇಜು ಇರಲಿ, ಕೇಳಿದವಳಿಗೆ ಅದನ್ನು ಕೊಡಲು ಯಾರ ಸೂಚನೆಯೂ ಬೇಕಾಗದಿರಲಿ. ಇನ್ನೊಂದು ನನಗಾಗಿ. ಕಸಿದುಕೊಂಡ ನನ್ನ ಉತ್ತರಪತ್ರಿಕೆ ನಿಮ್ಮ ಕಪಾಟಿನಲ್ಲಿದೆ. ಅದನ್ನು ಹೊರತೆಗೆದು ಮೌಲ್ಯಮಾಪನ ಮಾಡಿಸಿ. ಬರೆದದ್ದು ಸಾಲದಿದ್ದರೆ ಅನುತ್ತೀರ್ಣ ಮಾಡಿ; ನಾನು ತಕರಾರು ತೆಗೆಯುವುದಿಲ್ಲ, ಮತ್ತೆ ಓದುತ್ತೇನೆ. ಗೊತ್ತಿಲ್ಲದ್ದಕ್ಕೆ ಫೇಲಾದೆ ಎಂದು ನನ್ನ ಮಗಳ ಕಣ್ಣಲ್ಲಿ ಕಣ್ಣಿಟ್ಟು ಹೇಳಬಲ್ಲೆ. ಕದ್ದದ್ದಕ್ಕೆ ಎಂದು ಹೇಳಲಾರೆ, ಏಕೆಂದರೆ ಕದ್ದಿಲ್ಲ.

ಇಂತಿ,
ಒಂದು ಪತ್ರಿಕೆಯಷ್ಟು ಕಡಿಮೆ ಬಿದ್ದಿರುವ ಶಿಕ್ಷಕಿ,
ಉಜ್ವಲಾ ಬಸವಂತ
ಅಕ್ಕೋಳ, ನಿಪ್ಪಾಣಿ ತಾಲ್ಲೂಕು