ಡಾಲ್ಫಿನ್ ಗ್ಯಾರಂಟಿ

ಮಾರ್ಚ್ 3, ಸಂಜೆ

ನಾಲ್ಕು ಟ್ರಿಪ್. ಗಂಟಲು ಹೋಗಿದೆ. ಮೈಕಿನಲ್ಲಿ ಪ್ರವಾಸಿಗರಿಗೆ ಅದೇ ಪಾಠ — ಲೈಫ್ ಜಾಕೆಟ್ ಬಿಚ್ಚಬೇಡಿ, ಕಿರುಚಬೇಡಿ, ಡಾಲ್ಫಿನ್ ಕಂಡರೆ ಐವತ್ತು ಮೀಟರ್ ದೂರದಲ್ಲೇ ನಮ್ಮ ಎಂಜಿನ್ ಬಂದ್. ಕೊನೆಯದು ಶುದ್ಧ ಸುಳ್ಳು. ದೋಣಿ ಓಡಿಸುವವನು ನನ್ನ ಸ್ವಂತ ಅಣ್ಣ. ಗುಂಪು ಕಂಡರೆ ಸಾಕು, ಸುತ್ತಿ ಹೋಗಿ ಮುಂದಿನಿಂದ ಅಡ್ಡ ಹಾಕುತ್ತಾನೆ. ಗಾಬರಿಗೆ ಅವು ಪಕ್ಕದಲ್ಲೇ ಜಿಗಿಯುತ್ತವೆ. ಜನ ಚಪ್ಪಾಳೆ ತಟ್ಟುತ್ತಾರೆ. ಬೇರೆ ಡ್ರೈವರ್‌ಗಳು ಅವನಿಗೆ 'ಅಡ್ಡಗಾಲು' ಅಂತ ಹೆಸರಿಟ್ಟಿದ್ದಾರೆ. ಅವನಿಗೆ ಅದೊಂದು ಬಿರುದು.

ಮಾರ್ಚ್ 5

ಎರಡನೇ ಟ್ರಿಪ್. ಒಂದು ತಾಯಿ, ಅದರ ಮೈಗೆ ಅಂಟಿಕೊಂಡು ಮರಿ. ಅಣ್ಣ ಅಡ್ಡ ಹಾಕಿದ. ನಾನು ಮುಂದೆ ನಿಂತಿದ್ದೆ, ನೋಡಿದೆ. ತಾಯಿ ತಪ್ಪಿಸಿಕೊಂಡಿತು, ಮರಿಗೆ ತಿಳಿಯಲಿಲ್ಲ... ಕಾಲಡಿಯ ಹಲಗೆಗೆ ದಡ್ ಅಂತ ಬಡಿಯಿತು.

"ಅಣ್ಣಾ, ಮರಿ!"

"ಮರದ ತುಂಡು ಇರ್ಬೇಕು. ಸುಮ್ನಿರೇ, ಜನ ಇದಾರೆ."

ಸುಮ್ಮನಿದ್ದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಮಾರ್ಚ್ 6, ಮಧ್ಯಾಹ್ನ

ಸತ್ತ ಮರಿಯನ್ನು ನಿನ್ನೆಯ ಆ ತಾಯಿ ಮೂತಿಯ ಮೇಲೆ ಹೊತ್ತು ಈಜುತ್ತಿದೆ. ಮರಿ ಜಾರಿ ಮುಳುಗುತ್ತದೆ. ತಾಯಿ ಕೆಳಗೆ ಹೋಗಿ ಮತ್ತೆ ಎತ್ತಿ ತರುತ್ತದೆ.

"ಅಯ್ಯೋ, ಮರಿ ಜೊತೆ ಆಟ ಆಡ್ತಿದೆ ನೋಡ್ರೀ!" ಅಂದಳು ಒಬ್ಬಾಕೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದು, ಆಟ" ಎಂದೆ, ಮೈಕಿನಲ್ಲಿ. ನನ್ನ ಬಾಯಿಗೆ ಹುಳ ಬೀಳಲಿ.

ಮಾರ್ಚ್ 8

ದೋಣಿಯ ಮಾಲೀಕ ಖುಷಿಗೆ ಕುಣಿಯುವುದೊಂದು ಬಾಕಿ. ಮರಿ ಹೊತ್ತ ತಾಯಿ ದೂರ ಹೋಗಲಾರದು, ಆಳಕ್ಕೆ ಇಳಿದು ತಪ್ಪಿಸಿಕೊಳ್ಳಲಾರದು. ಎಲ್ಲ ಟ್ರಿಪ್ಪಿಗೂ ಸಿಗುತ್ತದೆ.

"ಈ ವಾರ ಡಾಲ್ಫಿನ್ ಗ್ಯಾರಂಟಿ ಅಂತ ಒಂದು ಬೋರ್ಡ್ ಬರ್ದ್‌ಬಿಡಮ್ಮ. ನಿನ್ನ ಅಕ್ಷರ ಮುದ್ದಾಗಿದೆ."

ಬರೆದೆ. ನೀಲಿ ಬಣ್ಣದಲ್ಲಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ — ಬೋರ್ಡ್ ಬರೆದುಕೊಡುವವಳು ನಾನು.

ಮಾರ್ಚ್ 9

ಬಂದರು ಆಫೀಸಿಗೆ ಕರೆಸಿದ್ದರು. ಸತ್ತ ಮರಿಯ ಸುದ್ದಿ ಅಲ್ಲಿಗೂ ಮುಟ್ಟಿದೆ. ಮರಿಗೆ ಬಡಿದದ್ದು ಯಾರ ದೋಣಿ ಅಂತ ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಕೇಳುತ್ತಿದ್ದಾರೆ. ಗೊತ್ತಾದರೆ ಡ್ರೈವರ್ ಲೈಸೆನ್ಸ್ ಹೋಗುತ್ತದೆ. ಬಾಗಿಲಲ್ಲೇ ಅಣ್ಣ ತಡೆದ.

"ಅಪ್ಪ ಹೋದ್ಮೇಲೆ ನಿನ್ನ ಓದಿಸಿದ್ದು ಯಾರು? ಒಂದು ಮೀನಿಗೋಸ್ಕರ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?"

"ಮೀನಲ್ಲ ಅದು. ಹಾಲೂಡಿಸೋ ಪ್ರಾಣಿ."

"ನಿನ್ನ ಭಾಷಣ ಮೈಕಲ್ಲಿ ಇಟ್ಕೋ."

ಒಳಗೆ ಹೋಗಿ, 'ನಾನು ಏನೂ ನೋಡಿಲ್ಲ' ಎಂದು ಬರೆದು ಸಹಿ ಹಾಕಿದೆ. ಹೊರಗೆ ಬಂದಾಗ ಅಣ್ಣ ಕಾಫಿ ಕೊಡಿಸಿದ. ಕುಡಿದೆ. ಅವನ ಮೇಲೆ ಸಿಟ್ಟು, ನನ್ನ ಮೇಲೆ ಹೇಸಿಗೆ.

ಮಾರ್ಚ್ 14

ಇವತ್ತು ತಾಯಿಯ ಮೂತಿಯ ಮೇಲೆ ಮರಿ ಇಲ್ಲ. ಎಲ್ಲೋ ಮುಳುಗಿ ಹೋಗಿರಬೇಕು. ತಾಯಿ ಅಲ್ಲೇ ಸುತ್ತುತ್ತಿದೆ.

"ಮರಿ ಎಲ್ರೀ? ಹೋದ ವಾರ ನಮ್ಮಕ್ಕನಿಗೆ ತೋರಿಸಿದ್ರಂತೆ?" — ಮುಂದಿನ ಸೀಟಿನವನು. ಊಟಕ್ಕೆ ಕೂತವನಿಗೆ ಬಡಿಸದೇ ಬಿಟ್ಟ ಹಾಗೆ ಮುಖ.

ಇನ್ನು ತಡೆಯಲಾಗಲಿಲ್ಲ. ಮೈಕಿನಲ್ಲೇ ಹೇಳಿದೆ: "ಆ ಮರಿಯನ್ನ ಕೊಂದಿದ್ದು ಇದೇ ದೋಣಿ. ಓಡಿಸ್ತಿದ್ದವನು ನನ್ನ —"

ನನ್ನ ಮೊದಲ ಮಾತಿಗೇ ಅಣ್ಣ ಎಂಜಿನ್ ಜೋರು ಮಾಡಿದ್ದ. ಅದೇ ತಾಯಿಗೆ ಅಡ್ಡ ಹಾಕಿದ. ಅದು ಜಿಗಿಯಿತು. ಆ ಸದ್ದಿನಲ್ಲಿ ಮೈಕೂ ಮುಳುಗಿ ಯಾರಿಗೂ ಏನೂ ಕೇಳಿಸಲಿಲ್ಲ. ಚಪ್ಪಾಳೆ.

ಮಾರ್ಚ್ 15, ಬೆಳಿಗ್ಗೆ 6

ಮೊದಲ ಟ್ರಿಪ್ ಏಳಕ್ಕೆ. ಬಂದರು ಆಫೀಸು ತೆರೆಯುವುದು ಹತ್ತಕ್ಕೆ. ಇವತ್ತು ಕೆಲಸಕ್ಕೆ ಹೋಗುವುದಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕೊಟ್ಟ ಹೇಳಿಕೆ ವಾಪಸ್ ತೆಗೆದುಕೊಂಡು ನಿಜ ಬರೆದುಕೊಡುತ್ತೇನೆ. ಅಣ್ಣ ಜನ್ಮದಲ್ಲಿ ಮಾತಾಡಿಸುವುದಿಲ್ಲ, ಗೊತ್ತು. ಆದರೂ ಹತ್ತರವರೆಗೆ ನನ್ನನ್ನು ನಾನೇ ನಂಬುವುದು ಕಷ್ಟ. ಅದಕ್ಕೇ ಇಲ್ಲಿ ಬರೆದಿಡುತ್ತಿ...

ಕೆಳಗೆ ಬೈಕ್ ಹಾರ್ನ್. ಅಣ್ಣ.

"ಬಾರೇ, ಹೊತ್ತಾಯ್ತು!"

"ಬಂದೆ" ಅಂತ ನನ್ನ ಬಾಯಿ ತಾನಾಗಿಯೇ